ಗಂಗಾಧರಸ್ವಾಮಿಯ ಖಾಲಿ ಬಾಟ್ಲಿಗಳು

ಬೆಳಗ್ಗೆ ಏಳೂವರೆಗೆ ಹಣೆತುಂಬ ವಿಭೂತಿ ಬಳಿದುಕೊಂಡು, ಗಂಗಾಧರಸ್ವಾಮಿ ಮೊಬೈಲಿನಲ್ಲಿ ಎರಡೇ ಎರಡು ಸಾಲು ಬರೆದು ಲೋಕಕ್ಕೆ ಬಿಟ್ಟ: 'ಓದುಗರೇ, ಈ ಬ್ಲಾಗಿನಿಂದ ನಿಮಗೇನು ಬೇಕು? ಮುಚ್ಚುಮರೆ ಇಲ್ಲದೆ ಹೇಳಿ.' ಆಮೇಲೆ ಕಾಫಿ ಲೋಟ ಹಿಡಿದುಕೊಂಡು ಉತ್ತರಗಳಿಗೆ ಕಾದು ಕೂತ. ನೂರಾದರೂ ಬರುತ್ತವೆ ಅನ್ನುವುದರಲ್ಲಿ ಅವನಿಗೆ ಅನುಮಾನವೇ ಇರಲಿಲ್ಲ.

ಬ್ಲಾಗಿನ ಹೆಸರು 'ಐನೂರರೊಳಗೆ'. ಐನೂರು ರೂಪಾಯಿಯೊಳಗೆ ಸಿಗುವ ವೈನುಗಳಲ್ಲಿ ಯಾವುದು ಗಂಟಲಿಗೆ ಇಳಿಯುತ್ತೆ, ಯಾವುದು ಬರೀ ಹುಣಸೆಹಣ್ಣಿನ ನೀರು ಅಂತ ವಾರಕ್ಕೊಮ್ಮೆ ಅಚ್ಚಕನ್ನಡದಲ್ಲಿ ತಿಳಿಸಿಕೊಡುವ ಬ್ಲಾಗು. ಬರೆಯುವವನು 'ದ್ರಾಕ್ಷಾರಸಿಕ'. ಆ ದ್ರಾಕ್ಷಾರಸಿಕ ಅಂದರೆ ಚಾಮರಾಜನಗರದ ಅರಿಶಿನ ಮಂಡಿಯಲ್ಲಿ ಕಂಪ್ಯೂಟರ್ ಕುಟ್ಟುವ, ಮೊಟ್ಟೆ ಅಂಗಡಿ ಮುಂದೆ ಮೂಗು ಮುಚ್ಚಿಕೊಂಡು ಹೋಗುವ ಮನೆತನದ, ಮೂವತ್ನಾಲ್ಕು ತುಂಬಿದರೂ ಮದುವೆಯಾಗದ ಗಂಗಾಧರಸ್ವಾಮಿ ಅಂತ ಶಿವನಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ.

ತಿಂಗಳಿಗೊಮ್ಮೆ ಮೈಸೂರಿಗೆ ಹೋಗಿ, ನಾಲ್ಕು ಬಾಟ್ಲಿ ಕೊಂಡು, ಬ್ಯಾಗನ್ನು ಎದೆಗವಚಿಕೊಂಡು ರೈಲಿನಲ್ಲಿ ತರುತ್ತಿದ್ದ. ವಾರಕ್ಕೊಂದು ತೆಗೆದು, ಬಾಗಿಲು ಹಾಕಿಕೊಂಡು ನಾಲ್ಕು ಗುಟುಕು ಕುಡಿದು, ಉಳಿದದ್ದನ್ನು ಹಿತ್ತಿಲ ಕರಿಬೇವಿನ ಗಿಡಕ್ಕೆ ಸುರಿಯುತ್ತಿದ್ದ. ಲೇಬಲನ್ನು ನೆನೆಸಿ ಕಿತ್ತು ನೋಟ್‌ಬುಕ್ಕಿಗೆ ಅಂಟಿಸುತ್ತಿದ್ದ. ತೊಡಕಿದ್ದದ್ದು ಖಾಲಿ ಬಾಟ್ಲಿಯದು. ಕಸದ ಗಾಡಿಗೆ ಹಾಕೋಣ ಅಂದರೆ ಗಾಡಿಯವನು ನಡುಬೀದಿಯಲ್ಲಿ ಎತ್ತಿ ಹಿಡಿದು, "ಸ್ವಾಮಿ, ಇದು ಹಸಿ ಕಸವೋ ಒಣ ಕಸವೋ?" ಅಂತ ಕೇಳುವ ಪೈಕಿ. ಹೀಗಿರುವಾಗ ಎದುರುಮನೆ ಕರಿಬಸಮ್ಮ ಒಂದು ದಿನ ಬಕೆಟ್ಟಿನಲ್ಲಿ ನೆನೆಯುತ್ತಿದ್ದ ಬಾಟ್ಲಿಯನ್ನು ಕಂಡು, "ಏನಪ್ಪ ಇದು, ಇಷ್ಟು ಲಕ್ಸಣವಾಗದೆ?" ಅಂದಳು. "ಗುಲಾಬಿ ಶರಬತ್ತಿನದು ಅಜ್ಜಿ" ಅಂತ ಬಾಯಿಗೆ ಬಂದದ್ದನ್ನು ಹೇಳಿ ಕೊಟ್ಟುಬಿಟ್ಟ. ಆಮೇಲೆ ಇಡೀ ಬೀದಿ ಸರದಿಗೆ ನಿಂತಿತು.

ಮೊಬೈಲು ಸದ್ದು ಮಾಡಿತು. ಓದುಗರಲ್ಲ, ಹರವೆಯಿಂದ ಅಕ್ಕ ಸುಧಾಮಣಿ.

"ಗಂಗಾ, ಗುಂಡ್ಲುಪೇಟೆಯೋರು ಇವತ್ತೇ ಬತ್ತಾವ್ರೆ ಕಣ್ಲಾ. ಹೆಣ್ಣಿನಪ್ಪ ಚಿಕ್ಕಮಲ್ಲಪ್ಪ ಒಬ್ರೆ. ನಿನ್ನ ನೋಡಕ್ಕಲ್ಲ, ಬೀದೀಲಿ ನಿನ್ನ ನಡತೆ ವಿಚಾರಿಸಕ್ಕೆ."

"ವಿಚಾರಿಸ್ಲಿ ಬುಡಕ್ಕ. ಬೀದಿಯೋರೆಲ್ಲ ನಮ್ಮೋರೆ."

"ನೀನು ಎದುರಿಗೆ ಮಾತ್ರ ಓಗ್ಬ್ಯಾಡ. ಗಂಡು ಎದುರು ಬಂದ್ರೆ ಏನೋ ಮುಚ್ಚಕ್ಕೆ ಬಂದ ಅಂತಾರೆ. ಇದು ಹನ್ನೆರಡ್ನೇ ಸಂಬಂಧ, ಗೆಪ್ತಿ ಇರ್ಲಿ."

ಗೆಪ್ತಿ ಇರದೆ ಏನು. ಹುಡುಗಿ ಮೇಘನಾಳ ಫೋಟೋ ಬಂದಾಗಿನಿಂದ ಅವನು ಅದನ್ನು ಅದೆಷ್ಟು ಸಲ ನೋಡಿದ್ದನೋ. ಹಿಂದಿನ ಹನ್ನೊಂದು ತಪ್ಪಿದಾಗ ಹೋದರೆ ಹೋಯಿತು ಅಂದುಕೊಂಡಿದ್ದ. ಇದು ತಪ್ಪಿದರೆ ಹಾಗೆ ಅಂದುಕೊಳ್ಳುವುದು ಆಗದ ಮಾತಾಗಿತ್ತು.

ಹತ್ತು ಗಂಟೆಗೆ ಬಿಳಿ ಪಂಚೆ, ಹೆಗಲ ಮೇಲೆ ಟವೆಲು, ಬಾಳೆಕಾಯಿ ವ್ಯಾಪಾರದ ಚಿಕ್ಕಮಲ್ಲಪ್ಪ ಬೀದಿಗೆ ಇಳಿದರು. ನೇರವಾಗಿ ಕರಿಬಸಮ್ಮನ ಜಗಲಿಯಲ್ಲಿ ಕೂತರು. ಗಂಗಾಧರಸ್ವಾಮಿ ಕಿಟಕಿ ಸಂದಿಗೆ ಕಿವಿ ಕೊಟ್ಟ.

"ಎದುರುಮನೆ ಹುಡುಗ ಹೆಂಗವ್ವ?"

"ಚಿನ್ನ ಕಣಪ್ಪ. ಕೇಳುದ್ರೆ ಇಲ್ಲ ಅನ್ನಲ್ಲ. ನೋಡು, ಈ ದೀಪದೆಣ್ಣೆ ಬಾಟ್ಲಿ ಅವನು ಕೊಟ್ಟಿದ್ದೇಯ. ತಿಂಗಳಿಗೆ ನಾಕು ಹಂಚ್ತನೆ."

ಚಿಕ್ಕಮಲ್ಲಪ್ಪ ಬಾಟ್ಲಿ ಈಸಿಕೊಂಡರು. ಬೆಳಕಿಗೆ ಹಿಡಿದರು. ವೈನಿನ ಬಾಟ್ಲಿಗೆ ಇರುವಂಥ ತಳದ ಗುಣಿಗೆ ಹೆಬ್ಬೆರಳಿಟ್ಟು ನೋಡಿದರು. "ನಾಕು" ಅಂದು ಎದ್ದರು.

ಗಂಗಾಧರಸ್ವಾಮಿಗೆ ಆಗ ತಿಳಿಯಿತು. ತನ್ನ ಮನೆಯಲ್ಲಿ ಒಂದು ಖಾಲಿ ಬಾಟ್ಲಿಯೂ ಇಲ್ಲ, ನಿಜ. ಆದರೆ ಬೀದಿಯ ಪ್ರತಿ ಮನೆಯಲ್ಲೂ ಒಂದೊಂದು ಸಾಕ್ಷಿ ನಿಂತಿದೆ. ಹಿತ್ತಿಲ ಗೋಡೆ ಹಾರಿ ನೂರುಲ್ಲಾ ಸಾಬರ ಹಾಸಿಗೆ ಅಂಗಡಿಯ ಹಿಂಬಾಗಿಲಿಗೆ ಓಡಿದ. ಅಷ್ಟರಲ್ಲಿ ಚಿಕ್ಕಮಲ್ಲಪ್ಪ ಮುಂಬಾಗಿಲಲ್ಲಿ ಕೂತಿದ್ದರು. ನೂರುಲ್ಲಾ ಅದೇ ತರಹದ ಹಸಿರು ಬಾಟ್ಲಿಯಿಂದ ಅವರಿಗೆ ನೀರು ಬಗ್ಗಿಸುತ್ತಿದ್ದರು.

"ಬಹಳ ಶರೀಫ್ ಹುಡ್ಗ ಯಜಮಾನ್ರೇ. ಈ ಬಾಟ್ಲಿನೂ ಅವ್ರೇ ಕೊಟ್ಟಿದ್ದು. ಶರಬತ್ತು ಅಂದ್ರೆ ಪ್ರಾಣ ಅವ್ರಿಗೆ. ಒಬ್ರೇ ಕುಡೀತಾರೆ, ಯಾರಿಗೂ ತೊಂದ್ರೆ ಇಲ್ಲ."

"ಒಬ್ರೇನಾ?"

"ಒಬ್ರೇ. ಬಾಗ್ಲು ಹಾಕ್ಕೊಂಡು. ಅಷ್ಟು ಸಂಕೋಚ."

ಹತ್ತಿ ಮೂಟೆಯ ಹಿಂದೆ ಕೂತಿದ್ದ ಗಂಗಾಧರಸ್ವಾಮಿಗೆ ಬೆವರು ಕಿತ್ತುಕೊಂಡಿತು. ನೂರುಲ್ಲಾರಂಥ ಸಾಧು ಮನುಷ್ಯನಿಗೆ ಶರಬತ್ತಿನ ಸುಳ್ಳು ಹೇಳಿದ್ದಕ್ಕೆ ನಾಚಿಕೆಯೂ ಆಯಿತು. ಆದರೂ ಧೈರ್ಯ ಬಿಡುವ ಜಾತಿಯಲ್ಲ ಅವನು. ಉಳಿದ ಬಾಟ್ಲಿಗಳನ್ನು ಮೊದಲೇ ಎತ್ತಿಬಿಟ್ಟರೆ ಮುಗಿಯಿತು ಅಂತ ಹಿಂದಿನ ಓಣಿಯಲ್ಲಿ ಮನೆಮನೆಗೆ ನುಗ್ಗಿದ. "ಅರ್ಜೆಂಟಾಗಿ ಬೇಕು, ಸಂಜೆ ಕೊಡ್ತೀನಿ" ಅನ್ನುತ್ತ ಒಬ್ಬರ ಜೇನುತುಪ್ಪ, ಇನ್ನೊಬ್ಬರ ಹರಳೆಣ್ಣೆ ಪಾತ್ರೆಗೆ ಬಗ್ಗಿಸಿದ. ಪೆಟ್ಟಿಗೆ ಅಂಗಡಿ ಬೋರಯ್ಯನ ಮನಿಪ್ಲಾಂಟನ್ನು ಬೇರು ಸಮೇತ ಕಿತ್ತು ಅವನ ಕೈಗೇ ಕೊಟ್ಟ.

"ಯಾಕ್ಲಾ, ತಲೆ ಕೆಟ್ಟದಾ ನಿಂಗೆ?" ಅಂತ ಬೋರಯ್ಯ ಗಿಡ ಹಿಡಿದುಕೊಂಡು ಹಿಂದೆಯೇ ಬಂದ.

ಎಂಟು ಬಾಟ್ಲಿಗಳನ್ನು ತಬ್ಬಿಕೊಂಡು ಗಂಗಾಧರಸ್ವಾಮಿ ಮೂಲೆ ತಿರುಗಿದ. ಎದುರಿಗೆ ಚಿಕ್ಕಮಲ್ಲಪ್ಪ.

ಹಿಂದೆ ಬೋರಯ್ಯ, ಅವನ ಹಿಂದೆ ಅರ್ಧ ಬೀದಿ. "ಕೊಟ್ಟಿದ್ದ ಯಾರಾರ ವಾಪಸ್ ಈಸ್ಕತರಾ?" ಅಂತ ಕರಿಬಸಮ್ಮ ದೂರದಿಂದಲೇ ತನ್ನ ಬಾಟ್ಲಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಚಿಕ್ಕಮಲ್ಲಪ್ಪ ಯಾರ ಕಡೆಗೂ ನೋಡಲಿಲ್ಲ. "ನಡೀರಿ, ಮನೆ ಒಳಕ್ಕೆ ಹೋಗನ" ಅಂದರು.

ಒಳಗೆ ಬಂದು ತಾವೇ ಬಾಗಿಲು ಹಾಕಿದರು. ಬಾಟ್ಲಿಗಳನ್ನು ನೆಲದ ಮೇಲೆ ಸಾಲಾಗಿ ಜೋಡಿಸಿ, ಲೇಬಲ್ ಇಲ್ಲದಿದ್ದರೂ ಆಕಾರದಲ್ಲೇ ಗುರುತು ಹಿಡಿದು ಒಂದನ್ನು ಎತ್ತಿಕೊಂಡರು.

"ಇದು ನಾನೂರೈವತ್ತರದು. ಚೆನ್ನಾಗದೆ." ಇನ್ನೊಂದರ ಕತ್ತು ಸವರಿ ಮುಖ ಸಿಂಡರಿಸಿದರು. "ಇದು ಮುನ್ನೂರಿಪ್ಪತ್ತರದು. ಬರೀ ಹುಣಸೆಹಣ್ಣಿನ ನೀರು."

ಗಂಗಾಧರಸ್ವಾಮಿ ಬೆಚ್ಚಿಬಿದ್ದ. ಅದು ಅವನದೇ ಮಾತು, ಅವನೇ ಬರೆದದ್ದು. "ನೀವು 'ಐನೂರರೊಳಗೆ' ಓದ್ತೀರಾ?"

"ಒಂದು ವಾರನೂ ಬುಟ್ಟಿಲ್ಲ. ಬಾಳೆಕಾಯಿ ಮಂಡಿ ಹಿಂದ್ಗಡೆ ಕೂತ್ಕಂಡು ಒಂದೊಂದನ್ನೂ ಹತ್ತತ್ತು ಸಲ ಓದ್ತೀನಿ. ಆ ದ್ರಾಕ್ಷಾರಸಿಕ ಹೇಳ್ದೆ ಒಂದು ತೊಟ್ಟು ಕೊಳ್ಳಲ್ಲ."

"ಅವನು ನಾನೇ."

ಚಿಕ್ಕಮಲ್ಲಪ್ಪ ಅವನನ್ನು ಮೇಲಿಂದ ಕೆಳಗೆ ನೋಡಿದರು. ಆಮೇಲೆ ಎರಡೂ ಕೈ ಹಿಡಿದುಕೊಂಡರು. ಅವರ ಕಣ್ಣಲ್ಲಿ ನೀರಾಡಿತು. ಗಂಗಾಧರಸ್ವಾಮಿಗೆ ಮನಸ್ಸಿನಲ್ಲೇ ಓಲಗ ಕೇಳಿಸಿತು, ಛತ್ರ ಗೊತ್ತಾಯಿತು, ಲಗ್ನಪತ್ರಿಕೆಯೂ ಅಚ್ಚಾಯಿತು. "ಮಾವ" ಅಂದೇಬಿಟ್ಟ.

ಚಿಕ್ಕಮಲ್ಲಪ್ಪ ಕೈ ಬಿಟ್ಟರು. "ಅದೇ ಯೋಚ್ನೆ ಆಗದೆ ನಂಗೆ. ನಮ್ಮ ಮೇಘನಾ ಥೇಟ್ ಅವರವ್ವನಂಗೆ. ನಾನು ಏಲಕ್ಕಿ ಅಗಿದು, ಕೊತ್ತಂಬ್ರಿ ಅಗಿದು ಹೋದ್ರೂ ಹೊಸಲಲ್ಲೇ ಹಿಡೀತಳೆ. ನಿಮ್ಗೆ ಕೊಟ್ರೆ ಎರಡ್ನೇ ದಿನಕ್ಕೆ ನಿಮ್ಮ ಬ್ಲಾಗು ನಿಂತೋಯ್ತದೆ."

"ಎರಡ್ನೇ ದಿನ ಯಾಕೆ ಮಾವ, ಇವತ್ತೇ ನಿಲ್ಲಿಸ್ತೀನಿ. ಶಿವನಾಣೆ."

"ನನ್ನ ಹೆದ್ರಿಕೆ ಅದೇ ಕಣ್ರೀ." ಅವರು ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡರು. "ಅಳಿಯ ಎಲ್ಲಾದ್ರೂ ಸಿಕ್ತನೆ. ಐನೂರರೊಳಗೆ ಇಷ್ಟು ನಿಯತ್ತಾಗಿ ಬರೆಯೋರು ಎಲ್ಲಿ ಸಿಕ್ತರೆ?"

ಬೀದಿಗೆ ಬಂದು, "ಚಿನ್ನದಂಥ ಹುಡುಗ. ಜಾತಕ ಕೂಡ್ಲಿಲ್ಲ" ಅಂದು ಬಸ್‌ಸ್ಟ್ಯಾಂಡಿನ ಕಡೆಗೆ ನಡೆದರು. ಬೀದಿಯವರು ಅಯ್ಯೋ ಪಾಪ ಅಂದು, ಒಬ್ಬೊಬ್ಬರಾಗಿ ಒಳಗೆ ಬಂದು ತಮ್ಮ ತಮ್ಮ ಬಾಟ್ಲಿ ಹುಡುಕಿಕೊಂಡು ಹೋದರು.

ನಾಲ್ಕು ಗಂಟೆಗೆ ಮೊಬೈಲು ಸದ್ದು ಮಾಡಿತು. ಬೆಳಗಿನ ಪ್ರಶ್ನೆಗೆ ಮೊದಲನೆಯ ಉತ್ತರ. ಅವತ್ತಿಗೆ ಕೊನೆಯದೂ ಅದೇ. ಬರೆದವರ ಹೆಸರು 'ಗುಂಡ್ಲುಪೇಟೆ ಗೆಳೆಯ'.

'ವಾರಕ್ಕೊಂದು ಸಾಲದು, ಎರಡು ಬರೀರಿ. ಮದುವೆ ಗಿದುವೆ ಅಂತ ತಲೆ ಕೆಡಿಸಿಕೊಳ್ಳಬೇಡಿ.'

ಗಂಗಾಧರಸ್ವಾಮಿ ಅದನ್ನು ಎರಡು ಸಲ ಓದಿದ. ಎದ್ದು ಬಾಗಿಲು ಹಾಕಿ, ಬೀರುವಿನಿಂದ ಹೊಸ ಬಾಟ್ಲಿ ತೆಗೆದ. ಆ ಸಂಜೆ ಕರಿಬೇವಿನ ಗಿಡಕ್ಕೆ ಒಂದು ತೊಟ್ಟೂ ಸಿಗಲಿಲ್ಲ.