ಡ್ರೈವಿನ ಹಣೆ ಯಾವುದು?

ನಮ್ಮ ಭಾವನ ಮನೆಯಲ್ಲಿ ಹಣೆಗೆ ಕುಂಕುಮವಿಲ್ಲದ ಯಂತ್ರವನ್ನು ಹುಡುಕಿ ತೋರಿಸಿ ನೋಡೋಣ! ಆಫೀಸಿನ ಅವಸರದಲ್ಲಿ ನಮ್ಮಕ್ಕ ತನ್ನ ಹಣೆಗೆ ಇಡಲು ಮರೆತಾಳು. ಮೈಕ್ರೊವೇವು, ವೈಫೈ ಪೆಟ್ಟಿಗೆಗಳು ಮರೆಯುವಂತಿಲ್ಲ. ಯೂನಿಯನ್ ಸಿಟಿಯ ಆ ಮನೆಗೆ ನೆಲ ಗುಡಿಸುವ ರೋಬೋಟು ಬಂದ ದಿನ ಅದಕ್ಕೂ ಬೊಟ್ಟಿಟ್ಟು, ಮುಂದೆ ತೆಂಗಿನಕಾಯಿ ಒಡೆದರು. ರೋಬೋಟು ಹೊರಟದ್ದೇ ನೆಲಕ್ಕೆ ಚೆಲ್ಲಿದ್ದ ಕಾಯಿನೀರು ಹೀರಿ ಅಲ್ಲೇ ಮಲಗಿತು. ವಾಪಸ್ ಕೊಡಲು ಹೋದಾಗ ಅಂಗಡಿಯ ಹುಡುಗಿ, "ಈ ಕೆಂಪು ಚುಕ್ಕೆ ಏನು?" ಎಂದಳಂತೆ. "ವಾರಂಟಿ!" ಎಂದರಂತೆ ಭಾವ.

ಇಂಥವರು ಗೇಮ್ ಕನ್ಸೋಲಿನ ಹೊಟ್ಟೆ ಬಿಚ್ಚುತ್ತೇನೆಂದು ಹೊರಟರೆ ಯಾರಿಗೆ ಗಾಬರಿಯಾಗುವುದಿಲ್ಲ ಹೇಳಿ?

ಪಾಪ, ಕಾರಣವಿತ್ತು. ಹೈಸ್ಕೂಲಿಗೆ ಹೋಗುವ ಮಗಳು ಅವರ ಪಕ್ಕ ಕೂರುವುದು ಸಂಜೆ ಊಟವಾದ ಮೇಲೆ, ಇಬ್ಬರೂ ಟೀವಿಯಲ್ಲಿ ಕಾರ್ ರೇಸು ಆಡುವಾಗ ಮಾತ್ರ. ಉಳಿದಂತೆ ಅವಳ ರೂಮಿನ ಬಾಗಿಲು ಮುಚ್ಚಿರುತ್ತದೆ. ಕನ್ಸೋಲೋ ಹಳೆಯದು, ಆಟ ಶುರುವಾಗುವಷ್ಟರಲ್ಲಿ ಅಕ್ಕ ಪಾತ್ರೆ ತೊಳೆದು ಮುಗಿಸಿರುತ್ತಿದ್ದಳು. ಒಂದು ದಿನ ಮಗಳು, "ಇಟ್ಸ್ ಸೋ ಸ್ಲೋ, ಅಪ್ಪಾ," ಎಂದು ಎದ್ದುಹೋದಳು. ಅವಳು ಆಟ ಬಿಟ್ಟರೆ ತಮ್ಮನ್ನೂ ಬಿಟ್ಟಂತೆ ಎಂದು ಭಾವ ಮಂಕಾದರು.

"ಒಳಗಿನ ಡಿಸ್ಕು ಮುದಿ ಎತ್ತು ಆಗೇತಿ. ಅದನ್ನ ಕಿತ್ತು ಎಸ್ಸೆಸ್ಡಿ ಅನ್ನೋ ಹೊಸಾ ಡ್ರೈವು ಹಾಕಿದ್ರ ಕುದುರಿ ಹಂಗ ಓಡತೈತಿ ನೋಡು!" ಎಂದು ನನಗೆ ಫೋನು ಮಾಡಿದರು. ಹುಬ್ಬಳ್ಳಿ ಬಿಟ್ಟು ಪರದೇಶ ಸೇರಿ ಎಷ್ಟು ಕಾಲವಾದರೂ ಅವರ ಮಾತು ಮಾತ್ರ ಊರು ಬಿಟ್ಟಿಲ್ಲ.

ಭಾನುವಾರ ಸಂಜೆ ನಾನು ಹೋದಾಗ ಡೈನಿಂಗ್ ಟೇಬಲ್ಲಿನ ಮೇಲೆ ಕನ್ಸೋಲು ಅಂಗಾತ ಮಲಗಿತ್ತು. ಹೊಸ ಡ್ರೈವು ಬೆಳ್ಳಿತಟ್ಟೆಯಲ್ಲಿ ಹೂವಿನ ನಡುವೆ. ಭಾವ ಸ್ಕ್ರೂಡ್ರೈವರ್ ಹಿಡಿದು ಸುಮ್ಮನೆ ಕೂತಿದ್ದರು. ರಾಹುಕಾಲವಂತೆ!

"ಯಾವ ಊರಿಂದು ಭಾವ? ಹುಬ್ಬಳ್ಳಿದಾ, ಇಲ್ಲಿದಾ?"

"ಎರಡೂ ಕಳೀಲಿ!"

ಎರಡೂ ಕಳೆಯಿತು. ಊಟವೂ ಆಯಿತು. ಪೂಜೆ ಮಾಡಿ, ಡ್ರೈವು ಸೇರಿಸಿ ಸ್ವಿಚ್ಚು ಒತ್ತಿದರೆ, ಡ್ರೈವೇ ಕಾಣುತ್ತಿಲ್ಲ ಎಂದಿತು ಟೀವಿ. ಮತ್ತೆ ಬಿಚ್ಚಿ ಸೇರಿಸಿದರು. ಮತ್ತೆ ಅದೇ ರಾಗ. "ಡಬ್ಬಾ ಮಾಲು ಕೊಟ್ಟಾರ!" ಎಂದು ಕೂಗಾಡಿದರು. ನಾನು ತೆಗೆದು ನೋಡಿದೆ. ಕನ್ಸೋಲಿಗೆ ತಗುಲಬೇಕಾದ ಬಂಗಾರದ ಬಣ್ಣದ ಹಲ್ಲುಗಳ ಮೇಲೆಯೇ ಎಣ್ಣೆಯಲ್ಲಿ ಕಲಸಿದ ಕುಂಕುಮ ದಪ್ಪಗೆ ಕೂತಿತ್ತು!

"ಇಲ್ಲಿ ಯಾಕೆ ಹಚ್ಚಿದಿರಿ ಭಾವ?"

"ಮತ್ತ ಅದಕ್ಕ ಹಣಿ ಯಾವುದು?"

ಅಕ್ಕ ನಗುತ್ತಲೇ ನೇಲ್ ಪಾಲಿಶ್ ಅಳಿಸುವ ಹತ್ತಿಯಿಂದ ಅದನ್ನು ಒರೆಸಿಕೊಟ್ಟಳು. ಈ ಸಲ ಕನ್ಸೋಲು ಸದ್ದಿಲ್ಲದೆ ಎದ್ದಿತು. ಆಟವನ್ನೆಲ್ಲ ತುಂಬಿಸಿ ಮಗಳನ್ನು ಕರೆದರು. ಅವಳು ಬಂದು ಪಕ್ಕದಲ್ಲಿ ಕೂತಳು.

"ನಿನ್ನಿ ಆ ಗೆಳತಿ ಜೋಡಿ ಜಗಳ ಆಗಿತ್ತಲ್ಲ..." ಎಂದು ಭಾವ ಬಾಯಿ ತೆರೆದರು. ಅಷ್ಟರಲ್ಲಿ ರೇಸು ಶುರುವಾಗಿಬಿಟ್ಟಿತು. ಹಳೆಯ ಡಿಸ್ಕು ಆಟ ತೆರೆಯುವವರೆಗೆ ಕಾಯುತ್ತಾ ಇಷ್ಟು ದಿನ ಇಬ್ಬರೂ ಮಾತಾಡುತ್ತಿದ್ದರು ಎಂದು ನನಗೆ ಹೊಳೆದದ್ದೇ ಆಗ. ಭಾವನಿಗೂ ಆಗಲೇ ಹೊಳೆದಿರಬೇಕು. ಟೀವಿಯಲ್ಲಿ ಅವರ ಕಾರು ಹೊರಡಬೇಕಾದಲ್ಲೇ ನಿಂತಿತ್ತು. ಅವರ ಮುಖ ನೋಡಿ ನನಗೆ ಸಂಕಟವಾಯಿತು.

ಮಗಳು ಒಮ್ಮೆ ಅವರತ್ತ ನೋಡಿದಳು. ಆಟ ನಿಲ್ಲಿಸಿದಳು. ಕಂಟ್ರೋಲರನ್ನು ಕೆಳಗಿಟ್ಟು, ಕಾಲು ಮಡಚಿ ಅಪ್ಪನ ಕಡೆ ತಿರುಗಿ ಕೂತಳು.

"ಟಾಕ್, ಅಪ್ಪಾ. ರೇಸ್ ಕ್ಯಾನ್ ವೇಟ್."

ಭಾವನಿಗೆ ಕೇಳಬೇಕೆಂದಿದ್ದೆಲ್ಲ ಮರೆತೇಹೋಯಿತು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, "ಊಟ ಆತೇನವ್ವಾ?" ಎಂದರು.

ಕೊಂಚ ಹೊತ್ತಿನ ಹಿಂದಷ್ಟೇ ಅವರ ಎದುರಿಗೇ ಕೂತು ಉಂಡೆದ್ದಿದ್ದ ಹುಡುಗಿ, "ಆತಪ್ಪಾ," ಎಂದಳು.