ಚಂದ್ರಕಾಳಿ ಬಿಸಿಲಿಗೆ ಬಿದ್ದ ದಿನ

ತಪ್ಪೆಲ್ಲ ಸೀರೆಗೆ ಹುಳ ಹತ್ತದಂತೆ ಪೆಟ್ಟಿಗೆಯಲ್ಲಿ ಇಟ್ಟಿದ್ದ ಡಾಂಬರ ಗುಳಿಗೆಯದು. ಅದರ ವಾಸನೆ ಹಾಗೆ ಮೂಗಿಗೆ ರಪ್ಪನೆ ಬಡಿಯದಿದ್ದರೆ, ಹುನಗುಂದದ ವಿಜ್ಞಾನ ಮಾಸ್ತರ ಅಂದಪ್ಪ ಭಾನುವಾರ ಬೆಳಿಗ್ಗೆ ಹೆಂಡತಿಯ ಚಂದ್ರಕಾಳಿ ಸೀರೆಯನ್ನು ಮಾಳಿಗೆಯ ಹಗ್ಗಕ್ಕೆ ಹರವುತ್ತಿರಲಿಲ್ಲ. ಓಣಿಯ ಕಣ್ಣಿಗೆ ಅದು ಬೀಳುತ್ತಲೂ ಇರಲಿಲ್ಲ.

ಅವನಿಗೆ ಸೀರೆ ಬೇಕಾಗಿದ್ದು ಆಕಾಶ ಮಾಡಲು. ಬೆಂಗಳೂರಿನ ಒಂದು ವಿಜ್ಞಾನ ಮ್ಯೂಸಿಯಮ್ಮಿನಲ್ಲಿ ಮಾಸ್ತರರಿಗೆ ಕಾರ್ಯಾಗಾರ. ದೂರದ ಗ್ರಹ, ನಕ್ಷತ್ರಗಳನ್ನು ಚಿತ್ರವಾಗಿಸಿ ಮಕ್ಕಳ ಕಣ್ಣಿಗೆ ಕಟ್ಟುವಂತೆ ತೋರಿಸುವುದು ಹೇಗೆ ಅಂತ ಅಲ್ಲಿ ಕಲಿಸುತ್ತಾರೆ. ಗುಮ್ಮಟದೊಳಗೆ ಮಲಗಿದರೆ ಶನಿಯ ಬಳೆ ನೆತ್ತಿಯ ಮೇಲೆಯೇ ತಿರುಗುತ್ತದಂತೆ! ಶಾಲೆಗೆ ಒಂದೇ ಸೀಟು, ಅದು ಅಂದಪ್ಪನದು. ಇಷ್ಟು ವರ್ಷ ಚೆಂಡು, ನಿಂಬೆಹಣ್ಣು ಹಿಡಿದು ಗ್ರಹಣ ತೋರಿಸಿದ್ದ ಜೀವ ಅದು. ಖುಷಿಗೆ ವಾರದಿಂದ ಊಟ ಸೇರಿರಲಿಲ್ಲ.

ಬರುವವರು ಕೈಯಾರೆ ಮಾಡಿದ ಒಂದು ಮಾದರಿ ತರಬೇಕಿತ್ತು. ಇಳಕಲ್ಲಿನ ಕರೀ ಸೀರೆ, ಮೈತುಂಬ ಬಿಳಿ ಕಸೂತಿಯ ಚುಕ್ಕೆ. ಬಿಚ್ಚಿದ ಕೊಡೆಯ ಒಳಗೆ ಕಟ್ಟಿ ಕೆಳಗೆ ನಿಂತರೆ ಅಮಾವಾಸ್ಯೆಯ ಆಕಾಶವೇ! ಹೆಂಡತಿ ಶಿವಗಂಗಾ ಕಮತಗಿಯ ತವರಿಗೆ ಹೋಗಿದ್ದಳು, ಸಂಜೆ ಬರುವವಳು; ಬೆಂಗಳೂರಿನ ಬಸ್ಸೂ ಅಂದೇ ಸಂಜೆ. ಅಷ್ಟರೊಳಗೆ ಸೀರೆ ಬ್ಯಾಗಿನ ತಳ ಸೇರಿದರೆ ಸಾಕಿತ್ತು.

ಆದರೆ ಆ ಓಣಿಯಲ್ಲಿ ಚಂದ್ರಕಾಳಿ ಪೆಟ್ಟಿಗೆ ಬಿಟ್ಟು ಹೊರಬರುವುದು ಒಂದೇ ಕಾರಣಕ್ಕೆ. ಮನೆಯಾಕೆ ಬಸುರಾಗಿ, ಅದನ್ನು ಉಡಿಸಿ ಕುಬಸ, ಅಂದರೆ ಸೀಮಂತ, ಮಾಡುವ ಹೊತ್ತು ಬಂದಾಗ.

ಮೊದಲು ಬಂದವಳು ಪಕ್ಕದ ಮನೆಯ ರಂಗವ್ವ, ಸೆರಗಿನ ತುಂಬ ಹುಳಿ ಮಾವಿನಕಾಯಿ.

“ಏನ್ರಿ ಮಾಸ್ತರ, ಗಪ್ ಕುಂತೀರಲ್ಲ! ಶಿವಗಂಗಾಗ ಎಷ್ಟನೇ ತಿಂಗಳ?”

“ಎಂಥಾ ತಿಂಗಳ?”

“ಸೀರಿ ಮಾಳಗಿ ಮ್ಯಾಲ ಹಾಕಿ ನನ್ನ ಕೇಳ್ತೀರೇನು? ಈಗೀಗ ಆಕಿ ಯಾಕೋ ದಪ್ಪ ಕಾಣಾಕತ್ತಾಳಂತ ನಾ ಅನ್ಕೊಂಡಿದ್ದೆ ಬಿಡ್ರಿ.”

ಎದುರು ಮನೆಯ ರಂಜಾನಬಿ ಪಾಯಸದ ಬಟ್ಟಲು ಹಿಡಿದು ಒಳಗೇ ಬಂದಳು. “ನಿಮ್ಮ ಮಗಳು ಕಾಲೇಜಿಗೆ ಹೊಂಟಾಳ, ಈಗ ಮನ್ಯಾಗ ತೊಟ್ಟಲಾ!” ಎಂದು ಬಾಯಿಗೆ ಸೆರಗು ಒತ್ತಿ ನಕ್ಕಳು.

ಅಂದಪ್ಪನ ಕಿವಿ ಕೆಂಪಾದವು. “ಎವ್ವಾ, ಅಂಥಾದ್ದೇನೂ ಇಲ್ರಿ! ಆಕಿ ಬಸರಿಲ್ಲ!”

ನಗು ಗಕ್ಕನೆ ನಿಂತಿತು.

“ಮತ್ತ, ಹೇಣ್ತಿ ಊರಾಗಿಲ್ಲದಾಗ ಆಕಿ ಸೀರಿ ಯಾರಿಗಂತ ತಗದೀರಿ?” ಎಂದಳು ರಂಗವ್ವ.

“ಬೆಂಗಳೂರಿಗೆ ಒಯ್ಯಾಕ್ರಿ.”

“ಬೆಂಗಳೂರಾಗ ಯಾರದಾರ?”

“ಯಾರೂ ಇಲ್ರಿ. ಕತ್ತಲದಾಗ ಮಕ್ಕೊಂಡು ಮ್ಯಾಲ ನೋಡೋದು, ಅಷ್ಟ. ಏನ್ ಮಜಾ ಅಂತೀರಿ!” ಅಂದಪ್ಪ ಉಮೇದಿನಿಂದ ಗುಮ್ಮಟ ವಿವರಿಸಲು ಹೊರಟ.

“ತೋಬಾ ತೋಬಾ!” ರಂಜಾನಬಿ ಪಾಯಸ ಹಿಂದಕ್ಕೆಳೆದುಕೊಂಡಳು. ರಂಗವ್ವ ಸೊಂಟದಿಂದ ಮೊಬೈಲು ತೆಗೆದಳು. “ತಡೀರಿ, ಶಿವಗಂಗಾಗ ಈಗಿಂದೀಗ ಫೋನ್ ಹಚ್ತೇನಿ.”

ಅಂದಪ್ಪ ಮೊಬೈಲಿಗೆ ಕೈ ಅಡ್ಡ ಹಿಡಿದ. ಅದು ಅತ್ತೆಯವರು ಕೊಟ್ಟ ಸೀರೆ. ಮುಟ್ಟಿದ್ದು ಗೊತ್ತಾದರೆ ಬೆಂಗಳೂರು ದೂರದ ಮಾತು, ಹೊಸ್ತಿಲು ದಾಟುವುದೂ ಕಷ್ಟ.

“ಹಚ್ಚಬ್ಯಾಡ್ರಿ ರಂಗವ್ವಕ್ಕ! ಹೌದ್ರಿ, ಬಸರದಾಳ! ಖರೇನ ಬಸರದಾಳ! ನಾಚಿಕಿಗೆ ಸುಳ್ಳ ಹೇಳಿದೆ!”

ಮೊಬೈಲು ಸೊಂಟಕ್ಕೆ ಮರಳಿತು, ಪಾಯಸ ಅಂದಪ್ಪನ ಬಾಯಿಗೆ ಬಿತ್ತು. ಒಮ್ಮೆ ಬೆಂಗಳೂರು ಮುಟ್ಟಿ ಬರೋಣ, ಉಳಿದದ್ದು ಆಮೇಲೆ ನೋಡಿದರಾಯಿತು ಎಂದು ಅವನು ಸೀರೆಯನ್ನು ಕೊಡೆಗೆ ಸುತ್ತಿ ಬ್ಯಾಗಿಗೆ ತುರುಕಿದ. ಮನಸ್ಸು ಆಗಲೇ ಶನಿಯ ಬಳೆಯ ಸುತ್ತ ತಿರುಗುತ್ತಿತ್ತು.

ಇಳಿಹೊತ್ತಿಗೆ ಹೆಡ್‌ಮಾಸ್ತರ ಶ್ರೀಶೈಲ ಸರ್ ಪೇಢೆ ಹಿಡಿದು ಬಂದರು. ಆ ಸೀಟಿನ ಮೇಲೆ ಅವರಿಗೂ ಮೊದಲಿನಿಂದ ಕಣ್ಣಿತ್ತು.

“ರಂಗವ್ವ ಎಲ್ಲಾ ಹೇಳಿದ್ಲು. ಇಂಥಾ ಹೊತ್ತಿನಾಗ ಹೇಣ್ತೀನ್ನ ಬಿಟ್ಟು ಹೊಂಟೀಯಲ್ಲೋ ಅಂದಪ್ಪ! ಮಂದಿ ನನಗ ಉಗಳ್ತಾರ. ಮ್ಯೂಸಿಯಮ್ಮಿಗೆ ಫೋನ್ ಮಾಡಿ ನಿನ್ನ ಬದಲಿ ನನ್ನ ಹೆಸರು ಬರಸೇನಿ.”

“ಸರ್, ಖರೆ ಹೇಳ್ತೇನಿ, ಆಕಿ ಬಸರ...” ಅಂದಪ್ಪ ಬಾಯಿ ತೆರೆದ. ಕಟ್ಟೆಯ ಮೇಲೆ ಕುಳಿತಿದ್ದ ರಂಗವ್ವ ಮೊಬೈಲು ಹಿಡಿದು ಇತ್ತಲೇ ನೋಡುತ್ತಿದ್ದಳು. “...ಅದಾಳ್ರಿ” ಎಂದು ಮುಗಿಸಿದ.

“ಗೊತ್ತೈತಿ ಬಿಡು. ಆ ಮಾದರಿನೂ ಕೊಡು, ಬರಿಗೈಲೆ ಹ್ಯಾಂಗ ಹೋಗ್ಲಿ?”

ಅಂದಪ್ಪನ ಆಕಾಶ ಹೆಡ್‌ಮಾಸ್ತರರ ಕಂಕುಳಲ್ಲಿ ಓಣಿ ದಾಟಿತು. ಅವನಿಗೆ ಅಳುವೇ ಬಂತು.

ಕತ್ತಲಾಗುವ ಹೊತ್ತಿಗೆ ಶಿವಗಂಗಾ ಬಂದಳು. ಹಣೆಯಲ್ಲಿ ಯಾರೋ ಹಚ್ಚಿದ ಕುಂಕುಮ, ಸೆರಗಿನಲ್ಲಿ ಮಾವಿನಕಾಯಿ. ಓಣಿಯ ಹೆಂಗಸರು ಮೂಲೆಯಲ್ಲೇ ತಡೆದು ಆರತಿ ಎತ್ತಿದ್ದರು. ಬಾಗಿಲಿಗೆ ಚಿಲಕ ಹಾಕಿ ಗಂಡನನ್ನು ನೋಡಿದಳು. ಅವನು ಎಲ್ಲವನ್ನೂ ಒಂದೇ ಉಸಿರಿಗೆ ಒಪ್ಪಿಕೊಂಡ.

“ನಮ್ಮವ್ವನ ಸೀರಿ ಮಾತು ಆಮ್ಯಾಲ,” ಎಂದಳು ಶಾಂತವಾಗಿ. “ರಂಗವ್ವಕ್ಕ ಕುಬಸಕ್ಕ ಊಟದ ತಯಾರಿ ನಡಿಸ್ಯಾಳ. ದಿನ ತುಂಬಿದ ಮ್ಯಾಲ ಓಣಿ ಮಂದಿ ತೊಟ್ಟಲಾ ನೋಡಾಕ ಬರ್ತಾರ. ಅದರಾಗ ಏನ್ ತೋರಸ್ತೀರಿ?”

ಅಂದಪ್ಪ ಕಿಟಕಿಯ ಕಡೆ ನೋಡಿದ. ಕಾಣದ್ದನ್ನು ಕಣ್ಣಿಗೆ ಕಟ್ಟುವಂತೆ ತೋರಿಸುವ ವಿದ್ಯೆ ಕಲಿಯಲು ಹೆಡ್‌ಮಾಸ್ತರರು ಆಗಲೇ ಬಸ್ಸು ಹತ್ತಿದ್ದರು.