ಕಾಕಾ ಮತ್ತು ಹತ್ತು ನಿಮಿಷದ ಕ್ಯೂಬು

ನಮ್ಮ ಕಾಕಾನ ಪ್ರಕಾರ ಈ ಸೃಷ್ಟಿಯಲ್ಲಿ ತಪ್ಪಿಲ್ಲದೆ ತಯಾರಾದ ವಸ್ತುಗಳು ಎರಡೇ ಎರಡು. ಒಂದು ಸೂರ್ಯ, ಇನ್ನೊಂದು ಸ್ವತಃ ಕಾಕಾ. ಸೂರ್ಯನ ಬಗ್ಗೆ ಇತ್ತೀಚೆಗೆ ಅವರಿಗೆ ಸ್ವಲ್ಪ ಅನುಮಾನ ಬಂದಿದೆ!

ಅದು ಅವರ ತಪ್ಪಲ್ಲ ಬಿಡಿ. ಮರಾಠಿ ಸೀಮೆಯ ಭೋಸರಿಯ ಒಂದು ಕಾರ್ಖಾನೆಯಲ್ಲಿ ಮೂವತ್ತೈದು ವರ್ಷ ಚೆಕಿಂಗ್ ವಿಭಾಗದಲ್ಲಿ ಕೂತವರು. ತಯಾರಾಗಿ ಬಂದ ಮಾಲನ್ನು ಅಳೆದು, ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ "ರಿಜೆಕ್ಟ್" ಎಂದು ಪಕ್ಕಕ್ಕೆ ತಳ್ಳುವುದೇ ಅವರ ಕೆಲಸ. ನಿವೃತ್ತರಾದ ಮೇಲೆ ತಳ್ಳಲು ಮಾಲೆಲ್ಲಿದೆ? ಸದಾಶಿವ ಪೇಠೆಯ ಎರಡು ಕೋಣೆಯ ಮನೆಯಲ್ಲಿ ಅವರ ಹೆಂಡತಿ, ಅಂದರೆ ನಮ್ಮ ಕಾಕು, ಮಾಡಿದ್ದೆಲ್ಲವೂ ತಪಾಸಣೆಗೆ ಒಳಗಾಗತೊಡಗಿತು. ದಪ್ಪ ಅಳೆಯುವ ವರ್ನಿಯರನ್ನು ಹೋಳಿಗೆಗೆ ಹಿಡಿದದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ.

"ಈ ಕಡೆ ಎರಡು ಮಿಲಿಮೀಟರ್ ದಪ್ಪ ಅದ ನೋಡು," ಎಂದರು ಕಾಕಾ.

"ಆ ಎರಡು ಮಿಲಿಮೀಟರ್ ಬಿಟ್ಟು ಉಳಿದದ್ದು ತಿನ್ರಿ," ಎಂದರು ಕಾಕು.

ಇಂಥ ಮನುಷ್ಯನ ಕೈಗೆ ಕ್ಯೂಬು ಸಿಕ್ಕಿದ್ದು ನಲ್ಲಿಯಿಂದಾಗಿ. ಬಚ್ಚಲಮನೆಯ ನಲ್ಲಿ ಸೋರುತ್ತಿತ್ತು. ರಿಪೇರಿ ಹೇಗೆಂದು ಕಾಕಾ ಮೊಬೈಲಿನಲ್ಲಿ ವಿಡಿಯೋ ನೋಡಿದರು. ಅದು ಮುಗಿದದ್ದೇ ತಡ, ಮೊಬೈಲು ತನ್ನಷ್ಟಕ್ಕೆ ತಾನೇ ಇನ್ನೊಂದು ವಿಡಿಯೋ ಶುರು ಮಾಡಿತು. ಯಾವುದೋ ದೇಶದ ತರುಣ, ಕೈಯಲ್ಲಿ ತೆಂಗಿನಕಾಯಿ ಗಾತ್ರದ ಬಣ್ಣದ ಕ್ಯೂಬು! ಮಕ್ಕಳು ಆಡುವ ಮೂರು ಸಾಲಿನದಲ್ಲ, ಏಳು ಸಾಲಿನದು. ಒಂದೊಂದು ಮುಖಕ್ಕೆ ನಲವತ್ತೊಂಬತ್ತು ಚೌಕ. ಅದನ್ನು ಅವನು ಚಕಚಕನೆ ತಿರುಗಿಸಿ, ಆರೂ ಮುಖಕ್ಕೆ ಒಂದೊಂದೇ ಬಣ್ಣ ಕೂಡಿಸಿ, ಮೇಜಿನ ಮೇಲೆ ಟಪ್ಪೆಂದು ಇಟ್ಟ. ಒಂದು ಚೌಕವೂ ತಪ್ಪಿಲ್ಲ! ರಿಜೆಕ್ಟ್ ಮಾಡಲು ಏನೂ ಇಲ್ಲ! ಕಾಕಾ ಜೀವಮಾನದಲ್ಲಿ ಮೊದಲ ಬಾರಿಗೆ ಕೈ ಮುಗಿದರಂತೆ. ನಲ್ಲಿ ಮಾತ್ರ ಮುಂದೆ ಹದಿನೈದು ದಿನ ಸೋರಿತು.

ಕ್ಯೂಬು ಮನೆಗೆ ಬಂತು. ಕಲಿಕೆ ಶುರುವಾಯಿತು. ಮೂರನೆಯ ದಿನವೇ ಕಾಕಾ ನನಗೆ ಫೋನು ಮಾಡಿ, ವಿಡಿಯೋದ ಗುರುವಿಗೆ ಏನೂ ಬರುವುದಿಲ್ಲ ಎಂದು ತೀರ್ಪು ಕೊಟ್ಟರು. ಹೋಗಿ ನೋಡಿದರೆ ತಪ್ಪು ಗುರುವಿನದಲ್ಲ. ಅವನು ಕ್ಯಾಮೆರಾಕ್ಕೆ ಎದುರಾಗಿ ಕೂತಿದ್ದ. ಅವನ ಬಲಗೈ ಪರದೆಯ ಎಡಕ್ಕೆ ಕಾಣುತ್ತಿತ್ತು. ಕಾಕಾ ಕಂಡದ್ದನ್ನು ಕಂಡಂತೆ ಮಾಡಿ ಎಲ್ಲವನ್ನೂ ತಿರುವುಮುರುವು ಕಲಿಯುತ್ತಿದ್ದರು. ಹೇಳಿದೆ. "ಹಂಗಾದ್ರ ಅವನ ಬಾಜೂಕ ಕೂಡಬೇಕು ನಾ," ಎಂದರು. ಹೇಗೆ ಕೂಡುತ್ತೀರಿ ಸ್ವಾಮಿ, ಅವನು ಇರುವುದು ಸಮುದ್ರದಾಚೆ! ಮರುದಿನ ಹೋದಾಗ ಕಾಕಾ ಕಾಕುವಿನ ಕನ್ನಡಿಯ ಮುಂದೆ ಪದ್ಮಾಸನ ಹಾಕಿ ಕೂತಿದ್ದರು. ಮೊಬೈಲನ್ನು ತಮ್ಮ ಬೆನ್ನಹಿಂದಿನ ಕಪಾಟಿಗೆ ಕಟ್ಟಿದ್ದರು. ಕನ್ನಡಿಯಲ್ಲಿ ಗುರು ಶಿಷ್ಯ ಇಬ್ಬರೂ ಅಕ್ಕಪಕ್ಕ! ಗುರುವಿನ ಬಲಗೈ ಬಲಕ್ಕೇ! ಇದು ಸರಿಯಾಗಿ ಕೆಲಸ ಮಾಡಿತು ಎಂಬುದೇ ಆಶ್ಚರ್ಯ. ಆ ತಿಂಗಳು ಪೂರ್ತಿ ಕಾಕು ಸ್ಟೀಲಿನ ಡಬ್ಬಿಯಲ್ಲಿ ಮುಖ ನೋಡಿಕೊಂಡು ಕುಂಕುಮ ಇಟ್ಟುಕೊಂಡರು.

ಮುಂದಿನದು ವೇಗದ ಸಮಸ್ಯೆ. ಗುರುವಿನ ಬೆರಳು ಕಣ್ಣಿಗೇ ಸಿಗುತ್ತಿರಲಿಲ್ಲ. ಕಾಕಾ ವಿಡಿಯೋದ ವೇಗವನ್ನು ಕಾಲುಭಾಗಕ್ಕೆ ಇಳಿಸಿದರು. ಆಗ ಆ ತರುಣನ ದನಿ ಎಳೆದೆಳೆದು, ಕಂಠಪೂರ್ತಿ ಕುಡಿದವನ ಹಾಗೆ ಕೇಳತೊಡಗಿತು. ಎರಡು ದಿನ ಸಹಿಸಿದ ಪಕ್ಕದ ಮನೆಯ ಆಜಿ, ಮೂರನೆಯ ದಿನ ಬಾಗಿಲಲ್ಲಿ ನಿಂತು ಕಾಕುವನ್ನು ಮೆಲ್ಲಗೆ ವಿಚಾರಿಸಿದರು: "ಪಾಹುಣೆ ಆಲೇತ ಕಾ? ತಬ್ಯೇತ್ ಬರಿ ಆಹೆ ನಾ ತ್ಯಾಂಚಿ?" ಮನೆಗೆ ಬಂದ ನೆಂಟರ ಆರೋಗ್ಯ ನೆಟ್ಟಗಿದೆಯೇ ಎಂದು! ಕಾಕು ಏನು ಹೇಳಬೇಕು? "ಇನ್ನೂ ಸ್ವಲ್ಪ ದಿನ ಇರ್ತಾರಂತ್ರಿ," ಎಂದು ಮರಾಠಿಯಲ್ಲಿ ಹೇಳಿ ಕಳಿಸಿದರು.

ಬೆರಳು ಪಳಗಿದಂತೆ ಕ್ಯೂಬು ಬಿಗಿ ಎನ್ನಿಸಿತು. ಕಾಕಾ ಹೊಲಿಗೆ ಯಂತ್ರದ ಎಣ್ಣೆ ಬಿಟ್ಟರು. ಒಂದು ಹನಿ ಸಾಕಿತ್ತು, ಬಿಟ್ಟದ್ದು ಒಂದು ಚಮಚ! ಅದೇ ಸಂಜೆ ಮಂಡಿಯಿಂದ ತರಕಾರಿ ತರುವಾಗ ರಿಕ್ಷಾದಲ್ಲಿ ಅಭ್ಯಾಸಕ್ಕೆ ಕೂತರು. ರಿಕ್ಷಾ ಸ್ಪೀಡ್ ಬ್ರೇಕರ್ ಹಾರಿತು. ಕ್ಯೂಬು ಪಟಾರನೆ ಸಿಡಿಯಿತು! ಬಣ್ಣದ ತುಂಡುಗಳೆಲ್ಲ ಚೆಲ್ಲಾಪಿಲ್ಲಿ. "ಕಾಕಾ, ಕಾಯ್ ಫುಟ್ಲಂ?" ಏನು ಒಡೆಯಿತು ಎಂದು ಚಾಲಕ ಗಾಬರಿಯಿಂದ ಬ್ರೇಕ್ ಒತ್ತಿದ. ಹಿಂದಿನ ಸ್ಕೂಟರುಗಳೂ ನಿಂತವು. ಯಾರದೋ ಮಂಗಳಸೂತ್ರ ಹರಿದಿರಬೇಕೆಂದು ನಾಲ್ಕು ಜನ ರಸ್ತೆಯಲ್ಲಿ ಬಗ್ಗಿ ಹುಡುಕಿಕೊಟ್ಟರು. ಮನೆಗೆ ಬಂದು ಎಣಿಸಿದರೆ ಒಂದು ತುಂಡು ಕಡಿಮೆ. ಅದು ಮರುದಿನ ಮೆಂತ್ಯದ ಪಲ್ಯದಲ್ಲಿ ನನ್ನ ಹಲ್ಲಿಗೆ ಸಿಕ್ಕಿತು.

ಇಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಊರಿನಲ್ಲಿ ಕ್ಯೂಬು ಸ್ಪರ್ಧೆ ನಡೆಯುತ್ತದೆಂದು ಕಾಕಾನಿಗೆ ತಿಳಿಯಿತು. ಏಳು ಸಾಲಿನದಕ್ಕೆ ಒಂದೇ ಷರತ್ತು: ಹತ್ತು ನಿಮಿಷದೊಳಗೆ ಮುಗಿಸಬೇಕು. ಮುಗಿಯದಿದ್ದರೆ ಕ್ಯೂಬನ್ನು ಕೆಳಗೆ ಇಡಿಸುತ್ತಾರೆ, ಫಲಿತಾಂಶದಲ್ಲಿ ಹೆಸರೇ ಇರುವುದಿಲ್ಲ. ಕಾಕಾ ಹೆಸರು ಕೊಟ್ಟೇಬಿಟ್ಟರು. ಆಗ ಅವರಿಗೆ ಹಿಡಿಯುತ್ತಿದ್ದದ್ದು ಇಪ್ಪತ್ತೆಂಟು ನಿಮಿಷ!

ಆಮೇಲಿನ ಮೂರು ತಿಂಗಳು ಆ ಮನೆಯಲ್ಲಿ ಯುದ್ಧದ ಉತ್ಸಾಹ. ಕಾಕಾನ ಎರಡೂ ಕೈ ಕ್ಯೂಬಿನಲ್ಲಿ ಇರುವುದರಿಂದ ಸಮಯ ಹಿಡಿಯುವ ಹುದ್ದೆ ಕಾಕುವಿಗೆ ಬಂತು. ಕಾಕು ಮೊಬೈಲು ಹಿಡಿದು ಎದುರಿನ ಕುರ್ಚಿಯಲ್ಲಿ ಕೂಡುವುದು. ಕಾಕಾ "ಹೂಂ" ಎಂದರೆ ಶುರು, "ಆತು" ಎಂದರೆ ನಿಲುಗಡೆ. ಕಾಕು ಸಮಯ ಓದಿ ಹೇಳುವುದು, ಕಾಕಾ ವಹಿಯಲ್ಲಿ ಬರೆಯುವುದು. ಇಪ್ಪತ್ತು ಆಯಿತು, ಹದಿನಾಲ್ಕು ಆಯಿತು, ಹನ್ನೊಂದಕ್ಕೆ ಇಳಿಯಿತು! ನಾನು ಆಫೀಸಿನಿಂದ ದಿನಾ ಫೋನು ಮಾಡಿ ಕ್ರಿಕೆಟ್ ಸ್ಕೋರಿನಂತೆ ಕೇಳುತ್ತಿದ್ದೆ. ಆದರೆ ಹತ್ತು ನಿಮಿಷ ನಲವತ್ತು ಸೆಕೆಂಡಿಗೆ ಬಂದದ್ದು ಅಲ್ಲೇ ಕಚ್ಚಿಕೊಂಡು ಕೂತಿತು. ಒಂದು ವಾರ, ಎರಡು ವಾರ. ಕಾಕಾ ಮಾತು ಬಿಟ್ಟರು. ಊಟ ಅರ್ಧಕ್ಕೆ ಬಿಟ್ಟು ಏಳತೊಡಗಿದರು. ಹೋಳಿಗೆಯನ್ನು ಅಳೆಯದೆಯೇ ತಿಂದರು ಎಂದರೆ ಪರಿಸ್ಥಿತಿ ಎಷ್ಟು ಗಂಭೀರ ನೀವೇ ಊಹಿಸಿ!

ಒಂದು ದಿನ ಕಾಕುವಿನ ಫೋನು. "ಹತ್ತು ಇಪ್ಪತ್ತು ಬಂತಪಾ!" ಮೂರು ದಿನಕ್ಕೆ ಹತ್ತು ಐದು. ವಾರ ತುಂಬುವುದರೊಳಗೆ, "ಒಂಬತ್ತು ಐವತ್ತೆಂಟು! ಕೇಳಿಸ್ತೇನು? ಒಂಬತ್ತು ಐವತ್ತೆಂಟು!" ಕಾಕು ಕಿರುಚಿದ್ದು ಕೇಳಿ ಆಫೀಸಿನಲ್ಲಿ ನನ್ನ ಪಕ್ಕದವರು ಕೂಡ ಎದ್ದು ನಿಂತರು. ಆ ಭಾನುವಾರ ಮನೆಯಲ್ಲಿ ಶ್ರೀಖಂಡ, ಪೂರಿ. ಕಾಕಾ ಎರಡು ಬಟ್ಟಲು ತಿಂದರು.

ಸ್ಪರ್ಧೆಯ ದಿನ ಬಂತು. ಒಂದು ಶಾಲೆಯ ಸಭಾಗೃಹ. ಎಲ್ಲಿ ನೋಡಿದರೂ ಸೊಂಟದೆತ್ತರದ ಸ್ಪರ್ಧಿಗಳು. ಬಾಗಿಲಲ್ಲಿದ್ದ ಸ್ವಯಂಸೇವಕ ಕಾಕಾನನ್ನು ಕಂಡು, "ಆಜೋಬಾ, ಪಾಲಕ್ ತಿಕಡೆ ಬಸಾ," ಎಂದು ಹೆತ್ತವರು ಕೂಡುವ ಕಡೆ ಕೈ ತೋರಿಸಿದ. ಕಾಕಾ ಎದೆಯುಬ್ಬಿಸಿ, "ಮೀಚ್ ಸ್ಪರ್ಧಕ್!" ಎಂದರು. ನಾನೇ ಸ್ಪರ್ಧಿ ಎಂದದ್ದು ಇಡೀ ಸಭಾಗೃಹಕ್ಕೆ ಕೇಳಿತು. ಮಕ್ಕಳು ಚಪ್ಪಾಳೆ ಹೊಡೆದರು!

ಶುರುವಾಯಿತು. ನಡುವಿನ ಬಣ್ಣಗಳು ಕೂಡಿದವು. ಅಂಚುಗಳು ಕೂಡಿದವು. ಒಂಬತ್ತು ನಿಮಿಷ ದಾಟಿತು. ಕಾಕಾನ ಬೆರಳು ಅಷ್ಟು ಜೋರಾಗಿ ಓಡಿದ್ದನ್ನು ನಾನು ನೋಡಿಯೇ ಇರಲಿಲ್ಲ. ಇನ್ನು ಮೇಲಿನ ಮುಖವೊಂದೇ ಉಳಿದಿತ್ತು. ಅಷ್ಟರಲ್ಲಿ ಎದುರಿಗೆ ಸಮಯ ಹಿಡಿದು ಕೂತಿದ್ದ ಹುಡುಗಿ ಮೆಲ್ಲಗೆ ಕೈ ಎತ್ತಿ, "ಸಾರಿ ಕಾಕಾ," ಎಂದಳು. ಹತ್ತು ನಿಮಿಷ ಮುಗಿದಿತ್ತು.

ಕಾಕು ನನ್ನ ತೋಳು ಹಿಡಿದು ಹೊರಗೆ ಎಳೆದುಕೊಂಡು ಹೋದರು. ಕಣ್ಣು ತುಂಬಿತ್ತು. "ನನ್ನಿಂದ ಆತಪಾ ಇದು. ಅವ್ರು ಆತು ಅನ್ನೂಕಿಂತ ಮೊದ್ಲ ನಾ ಗುಂಡಿ ಒತ್ತಿಬಿಡ್ತಿದ್ದೆ. ಉಣ್ಣೂದು ಬಿಟ್ಟು ಕೂತಿದ್ರಲ್ಲ, ನೋಡ್ಲಿಕ್ಕೆ ಆಗಲಿಲ್ಲ ನನಗ. ಒಮ್ಮೆನೂ ಹತ್ತರೊಳಗ ಬಂದಿಲ್ಲ ಅವ್ರು. ಹೇಳಬ್ಯಾಡ ಅವ್ರಿಗೆ," ಎಂದು ಮುಖ ತೊಳೆಯಲು ಹೋದರು.

ನಾನು ಕಾಕಾನನ್ನು ಎದುರಿನ ಚಹಾ ಅಂಗಡಿಗೆ ಕರೆದುಕೊಂಡು ಹೋದೆ. ಏನಾದರೂ ಸಮಾಧಾನ ಹೇಳಬೇಕಲ್ಲ! "ಮನ್ಯಾಗ ಬರ್ತಿತ್ತು, ಇಲ್ಲಿ ಜನಾ ನೋಡಿ ಕೈ ನಡುಗಿರಬೇಕ್ರಿ ಕಾಕಾ," ಎಂದೆ.

"ಮನ್ಯಾಗರ ಎಲ್ಲಿ ಬರ್ತಿತ್ತು?" ಎಂದರು ಕಾಕಾ. "ನಿಮ್ಮ ಕಾಕು ಕೂಡ್ತಿದ್ದ ಕುರ್ಚಿ ಹಿಂದ ಗ್ವಾಡಿ ಗಡಿಯಾರ ಅದ ಅಲ್ಲೋ. ಸೆಕೆಂಡ್ ಮುಳ್ಳು ನೆಟ್ಟಗ ನನಗ ಕಾಣತದ."

ನಾನು ಅವರ ಕಡೆ ತಿರುಗಿದೆ. "ಗೊತ್ತಿದ್ದೂ ಬರಕೊಂಡ್ರಿ? ನೀವು?"

ಕಾಕಾ ಲೋಟ ಕೆಳಗಿಟ್ಟರು. "ಒಂಬತ್ತು ಐವತ್ತೆಂಟು ಅಂದಾಗ ಅಕಿ ಮಾರಿ ನೋಡಿದ್ದೀಯೇನು ನೀ? ನಲವತ್ತು ವರ್ಷದಾಗ ಅಕಿ ಕೊಟ್ಟದ್ದೆಲ್ಲಾ ಅಳದು ಅಳದು ತಿರಗಿ ಕೊಟ್ಟೀನಿ. ಅದೊಂದು ಹ್ಯಾಂಗ ರಿಜೆಕ್ಟ್ ಮಾಡ್ಲಿ, ಹೇಳು."

ಈ ಮನುಷ್ಯನನ್ನು ಇಷ್ಟು ವರ್ಷ ನಗುವುದಕ್ಕಷ್ಟೇ ಬಳಸಿಕೊಂಡೆನಲ್ಲ ಎಂದು ನಾಚಿಕೆಯಾಯಿತು. ಅಷ್ಟರಲ್ಲಿ ಕಾಕು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ರಸ್ತೆ ದಾಟಿ ಬಂದರು. ಗಂಡನ ಮುಖ ನೋಡಲಾರದೆ ಚಹಾದ ಲೋಟ ನೋಡುತ್ತ, "ಮುಂದಿನ ಸಲಕ್ಕ ಬ್ಯಾರೆ ಯಾರನರ ಟೈಮ್ ಹಿಡೀಲಿಕ್ಕೆ ಹಚ್ಚೋಣ್ರಿ. ನನಗ ಬರಂಗಿಲ್ಲ ಅದು," ಎಂದರು.

ಕಾಕಾ ತಮ್ಮ ಲೋಟವನ್ನು ಅವರ ಕಡೆ ಸರಿಸಿದರು.

"ಬ್ಯಾರೆಯವ್ರು ಯಾಕ? ನೀನೇ ಹಿಡಿ."